ಗೇಣಿ ಚೀಟಿ, ಬಾಡಿಗೆ ರಸೀದಿ

ನಮ್ಮ ಮನೆಯ ಅಟ್ಟದ ಮೇಲೆ ತಾತನ ಕಾಲದ ಕಬ್ಬಿಣದ ಟ್ರಂಕೊಂದಿದೆ. ಅದರೊಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಹನ್ನೊಂದು ಚೀಟಿಗಳು. ಸುಗ್ಗಿ ಮುಗಿದ ಮೇಲೆ ಜಮೀನಿನ ಒಡೆಯರಿಗೆ ಭತ್ತ ಅಳೆದುಕೊಟ್ಟಾಗ ಅವರ ಕಡೆಯವರು ಬರೆದುಕೊಟ್ಟದ್ದು: ಇಷ್ಟು ಪಲ್ಲ ಗೇಣಿ ಸಂದಾಯವಾಯಿತು, ಅಷ್ಟೆ. ತಾತನಿಗೆ ಓದು ಬರುತ್ತಿರಲಿಲ್ಲ. ಆದರೂ ಪ್ರತಿ ಸಲ ನಿಂತು, ಕೇಳಿ ಬರೆಸಿಕೊಳ್ಳುತ್ತಿದ್ದರಂತೆ.

ನಮ್ಮೂರು ಬಾಗೂರು, ಚನ್ನರಾಯಪಟ್ಟಣ ತಾಲ್ಲೂಕಿನದು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗದಿಂದಾಗಿ ಹೊರಗಿನವರಿಗೂ ಇದರ ಹೆಸರು ಗೊತ್ತು. ನಮ್ಮ ಮನೆಯೊಳಗೆ ಮಾತ್ರ ಎಲ್ಲಕ್ಕಿಂತ ದೊಡ್ಡ ಕತೆ 1974ರದು. ಆ ವರ್ಷದ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ 7 ತುಂಬಿ, ತಾನೇ ಗೇಣಿದಾರ ಎಂದು ಭೂ ನ್ಯಾಯಮಂಡಳಿಯ ಮುಂದೆ ತೋರಿಸಬೇಕಿತ್ತು. ತಾತನ ಕೈಯಲ್ಲಿ ಚೀಟಿಗಳಿದ್ದವು, ಎರಡು ಎಕರೆ ಬಂತು. ಪಕ್ಕದ ಗದ್ದೆ ಉಳುತ್ತಿದ್ದ ಅವರ ಗೆಳೆಯರ ಹತ್ತಿರ ಇದ್ದದ್ದು ಬಾಯಿಮಾತು. ಅವರಿಗೆ ಬರಲಿಲ್ಲ.

ಈ ಚೀಟಿಗಳು ನನಗೆ ಮತ್ತೆ ನೆನಪಾದದ್ದು ಬೆಂಗಳೂರಿನಲ್ಲಿ. ಪೀಣ್ಯದ ಹತ್ತಿರ ನಾನಿರುವ ವಠಾರದಲ್ಲಿ ಆರು ಮನೆಗಳು, ಎರಡು ಕಕ್ಕಸು, ದಿನ ಬಿಟ್ಟು ದಿನ ನೀರು. ಕರೆಂಟಿಗೆ ಎಲ್ಲರಿಗೂ ಒಂದೇ ಮೀಟರು. ಮಾಲೀಕರು ಹೇಳಿದ್ದೇ ಲೆಕ್ಕ. ಕೊನೆಯ ಮನೆಯ ಗಾರ್ಮೆಂಟ್ಸ್ ಕೆಲಸದ ಅಕ್ಕ ಖಾಲಿ ಮಾಡುವಾಗ ಸುಣ್ಣಬಣ್ಣ, ನಲ್ಲಿ, ಕಿಟಕಿ ಎಂದು ಮುರಿದುಕೊಂಡು ಅವರ ಅಡ್ವಾನ್ಸಿನಲ್ಲಿ ಅರ್ಧವನ್ನೂ ಕೊಡಲಿಲ್ಲ. ಅವತ್ತು ರಾತ್ರಿ ನಾವು ಉಳಿದ ಐದು ಮನೆಯವರು ಟೆರೇಸಿನ ಮೇಲೆ ಕೂತೆವು. ಇನ್ನೊಂದು ಕಕ್ಕಸು, ಮನೆಗೊಂದು ಮೀಟರು, ಅಡ್ವಾನ್ಸಿಗೆ ಲೆಕ್ಕ ಎಂದು ಅರ್ಜಿ ಬರೆದೆವು. ಬಾಡಿಗೆ ಕಟ್ಟಿದ್ದಕ್ಕೆ ಏನಾದರೂ ದಾಖಲೆ ಇದೆಯಾ ಎಂದು ನಾನು ಕೇಳಿದೆ. ಐದು ಮನೆಯಲ್ಲೂ ಒಂದು ಹರಕು ಕಾಗದವಿರಲಿಲ್ಲ. ಮಾಲೀಕರು ಫೋನ್‌ಪೇ ಕೂಡ ಒಪ್ಪುತ್ತಿರಲಿಲ್ಲ, ನಗದೇ ಆಗಬೇಕು.

ಕಾನೂನು ಇಲ್ಲವೆಂದಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಒಪ್ಪಂದ ಬರವಣಿಗೆಯಲ್ಲಿರಬೇಕು ಎನ್ನುತ್ತದೆ. ಆದರೆ ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಪೀಣ್ಯದಲ್ಲಿ ಯಾವ ಮನೆ ಸಿಗುತ್ತದೆ? 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ. ಹಾಗಾಗಿ ನಮ್ಮ ಅರ್ಜಿಯ ಮೊದಲ ಬೇಡಿಕೆಯನ್ನು ಬದಲಾಯಿಸಿದೆವು: ತಿಂಗಳಿಗೊಂದು ರಸೀದಿ.

ಆ ಅರ್ಜಿಯ ನಕಲನ್ನು ಜೇಬಿನಲ್ಲಿಟ್ಟುಕೊಂಡೇ ಗೌರಿಹಬ್ಬಕ್ಕೆ ಊರಿಗೆ ಹೋದೆ. ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಸ್ಕೂಲ್ ಟೀಚರೊಬ್ಬರು ಬಾಡಿಗೆಗಿದ್ದಾರೆ, ಕಲಬುರಗಿ ಕಡೆಯವರು. ಬಾಗಿಲಲ್ಲೇ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಸರ್, ಗ್ಯಾಸಿಗೆ ವಿಳಾಸದ ಪುರಾವೆ ಬೇಕಾಗಿತ್ರಿ. ಒಂದು ಕರಾರು ಪತ್ರ ಮಾಡಿಕೊಡ್ರಿ ಅಂತ ಅಮ್ಮಾರಿಗೆ ಮೂರು ಸಲ ಕೇಳೀನಿ. ಬಚ್ಚಲದ ಶೀಟೂ ಸೋರಲಿಕ್ಕತ್ತೇದ್ರಿ."

ಒಳಗೆ ಅವ್ವ ಕಾಯಿ ತುರಿಯುತ್ತಿದ್ದಳು. ವಿಷಯ ಎತ್ತಿದ್ದೇ ತಡ, ತುರಿಯುವ ಕೈ ನಿಂತಿತು.

"ಕಾಗ್ದ ಪಾಗ್ದ ಏನೂ ಬ್ಯಾಡ. ಬರ್ಕೊಟ್ರೆ ನಾಳೀಕೆ ಮನೇನೇ ನಮ್ದು ಅಂತಾರೆ."

"ಹಂಗೆಲ್ಲ ಆಗಲ್ಲ ಕಣವ್ವ."

"ಯಾಕಾಗಲ್ಲ? ನಿಮ್ ತಾತಂಗೆ ಜಮೀನು ಬಂದದ್ದು ಹೆಂಗೆ?"

ನನಗೆ ಮಾತು ಹೊರಡಲಿಲ್ಲ. ತಾತನನ್ನು ಒಡೆಯನನ್ನಾಗಿ ಮಾಡಿದ ಅದೇ ಕಾಗದ ಅವರ ಸೊಸೆಗೆ ಭಯ ಕಲಿಸಿತ್ತು. ಪೀಣ್ಯದ ನಮ್ಮ ಮಾಲೀಕರೂ ಊರಿನಲ್ಲಿ ಇಂಥದ್ದೇ ಕತೆ ಕೇಳಿ ಬೆಳೆದವರಿರಬಹುದು. ನಾನು ಅವರನ್ನು ಬರೀ ದುರಾಸೆಯವರು ಅಂದುಕೊಂಡಿದ್ದೆ. ಭಯವಿದೆ ಅಂದ ಮಾತ್ರಕ್ಕೆ ಅಕ್ಕನ ಅಡ್ವಾನ್ಸ್ ನುಂಗಿದ್ದು ಸರಿಯಾಗುವುದಿಲ್ಲ. ಆದರೆ ಭಯಕ್ಕೆ ಉತ್ತರ ಹೇಳದೆ ಬರೀ ಕೂಗಿದರೆ ರಸೀದಿಯೂ ಹುಟ್ಟುವುದಿಲ್ಲ.

ರಾತ್ರಿ ಟ್ರಂಕು ಇಳಿಸಿ ಅವ್ವನ ಜೊತೆ ಕೂತೆ. ಆ ಕಾನೂನು ಉಳುವ ಭೂಮಿಗೆ ಮಾಡಿದ್ದು, ಬಾಡಿಗೆ ಮನೆಗಲ್ಲ ಎಂದೆ. ಬಾಡಿಗೆ ರಸೀದಿಯೆಂದರೆ ಪಡೆದವರು ಬಾಡಿಗೆದಾರರು ಎಂದೇ ಅರ್ಥ. ಮನೆ ನಿನ್ನದೆಂದು ಅವರೇ ಒಪ್ಪಿ ಸಹಿ ಹಾಕಿದ ಹಾಗೆ ಎಂದೆ. ಅವ್ವ ಅರ್ಧ ನಂಬಿದಳು. "ಎಷ್ಟು ದಿನಕ್ಕೆ ಬರೀತೀಯಾ?" ಎಂದಳು. ಹನ್ನೊಂದು ತಿಂಗಳು ಎಂದೆ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ.

ಬೆಳಿಗ್ಗೆ ಟೀಚರು ಕರಾರಿಗೂ ಮೊದಲ ರಸೀದಿಗೂ ಅವ್ವನ ರುಜು ಹಾಕಿಸಿಕೊಂಡು ಎರಡು ಸಲ ಓದಿದರು. ನಾನು ಏಣಿ ಹಾಕಿ ಬಚ್ಚಲಿನ ಶೀಟು ಬದಲಿಸಿದೆ. ಅಲ್ಲಿಂದ ಇಳಿಯುವಾಗ ನಾಚಿಕೆಯಾಯಿತು. ಬೆಂಗಳೂರಿನ ಕಕ್ಕಸಿಗೆ ಅರ್ಜಿ ಬರೆದವನಿಗೆ, ವರ್ಷದಿಂದ ಸೋರುತ್ತಿದ್ದ ಸ್ವಂತ ಮನೆಯ ಬಚ್ಚಲು ಕಂಡಿರಲಿಲ್ಲ.

ನಮ್ಮ ವಠಾರದಲ್ಲಿ ಇನ್ನೂ ಏನೂ ಬದಲಾಗಿಲ್ಲ. ಮುಂದಿನ ಭಾನುವಾರ ಐವರೂ ಮಾಲೀಕರ ಮನೆಗೆ ಹೋಗುತ್ತಿದ್ದೇವೆ. ಈ ಸಲ ಅರ್ಜಿಯ ಜೊತೆಗೆ ಒಂದು ರಸೀದಿ ಪುಸ್ತಕವನ್ನೂ ಕೊಂಡುಕೊಂಡಿದ್ದೇವೆ. ಅವ್ವ ರುಜು ಹಾಕಿದ ರಸೀದಿಯ ಫೋಟೊ ನನ್ನ ಫೋನಿನಲ್ಲಿದೆ. ಹೆದರಬೇಡಿ ಸರ್, ನಾವೂ ಬಾಡಿಗೆಗೆ ಕೊಟ್ಟಿದ್ದೇವೆ ಎಂದು ತೋರಿಸಬೇಕು.