ಕೊಕ್ಕು ಬೆಳೆಯಲಿಲ್ಲ, ಕಂಬಗಳು ಕುಸಿದವು

ಸ್ಕೂಲಲ್ಲಿ ಹಿಸ್ಟೋಗ್ರಾಮ್ ಅಂದ್ರೆ ಒಂದಕ್ಕೊಂದು ಅಂಟಿಕೊಂಡ ಕಂಬಗಳನ್ನು ಎಳೆದು, ಪೆನ್ಸಿಲ್‌ನಲ್ಲಿ ತುಂಬಿ, ಮಾರ್ಕು ತಗೊಳ್ಳೋದು. ಅಷ್ಟೇ. ಅದರೊಳಗೆ ಬದುಕು ಸಾವಿನ ಲೆಕ್ಕ ಇರಬಹುದು ಅಂತ ಯಾರೂ ಹೇಳಿರಲಿಲ್ಲ. ನನಗೆ ಅದು ಕಂಡದ್ದು ಗ್ಯಾಲಪಗೋಸ್‌ನ ಫಿಂಚ್ ಹಕ್ಕಿಗಳ ವಿಷಯ ಓದುವಾಗ.

ಈಕ್ವೆಡಾರ್‌ಗೆ ಸೇರಿದ ಆ ದ್ವೀಪಗಳಲ್ಲಿ ಡ್ಯಾಫ್ನಿ ಮೇಜರ್ ಅನ್ನೋದು ಅರ್ಧ ಚದರ ಕಿಲೋಮೀಟರೂ ಇಲ್ಲದ ಕಲ್ಲು ದ್ವೀಪ. ಪೀಟರ್ ಗ್ರಾಂಟ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಿಂದ ದಶಕಗಳ ಕಾಲ ಅಲ್ಲಿಗೆ ಹೋಗಿ, ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಕೊಕ್ಕು ಅಳೆದು ಬಿಡುತ್ತಿದ್ದರು. ಮೀಡಿಯಂ ಗ್ರೌಂಡ್ ಫಿಂಚ್ ಅನ್ನೋ ಒಂದೇ ಜಾತಿಯದ್ದು ತಗೊಳ್ಳಿ. 1976ರ 751 ಹಕ್ಕಿಗಳ ಕೊಕ್ಕಿನ ದಪ್ಪಕ್ಕೆ ಹಿಸ್ಟೋಗ್ರಾಮ್ ಬರೆದರೆ ಒಂದು ಗುಡ್ಡ ಕಾಣುತ್ತೆ. ಅಡ್ಡಗೆರೆ ಮೇಲೆ ಮಿಲಿಮೀಟರು. ಕಂಬದ ಎತ್ತರ ಅಂದ್ರೆ ಅಷ್ಟು ದಪ್ಪ ಕೊಕ್ಕಿನ ಹಕ್ಕಿಗಳು ಎಷ್ಟು ಅಂತ. ನಡುವೆ ತುಂಬಾ ಹಕ್ಕಿ, ಎರಡೂ ಅಂಚಲ್ಲಿ ಕೆಲವೇ ಕೆಲವು.

1977ರಲ್ಲಿ ಮಳೆ ಕೈಕೊಟ್ಟಿತು. ಸಣ್ಣ ಬೀಜ ಬೇಗ ಖಾಲಿ. ಉಳಿದದ್ದು ದೊಡ್ಡ, ಗಟ್ಟಿ ಬೀಜ, ಅದರಲ್ಲೂ ನಮ್ಮ ನೆಗ್ಗಿಲು ಮುಳ್ಳಿನ ಹತ್ತಿರದ ನೆಂಟ ಒಂದು ಗಿಡದ್ದು. (ಬರಿಗಾಲಲ್ಲಿ ನೆಗ್ಗಿಲು ತುಳಿದವರಿಗೆ ಅದೆಷ್ಟು ಗಟ್ಟಿ ಅಂತ ಹೇಳಬೇಕಿಲ್ಲ!) ಅದನ್ನು ಒಡೆಯೋಕೆ ದಪ್ಪ ಕೊಕ್ಕೇ ಬೇಕು.

1978ರ ಹಿಸ್ಟೋಗ್ರಾಮ್‌ನಲ್ಲಿ ಇರೋದು ಬದುಕುಳಿದ 90 ಹಕ್ಕಿ. ಎರಡನ್ನೂ ಒಂದೇ ಅಳತೆಯಲ್ಲಿ ಬರೆದು ಒಂದರ ಕೆಳಗೊಂದು ಇಟ್ಟು ನೋಡಿ... ಗುಡ್ಡವೇ ಕುಸಿದುಬಿಟ್ಟಿದೆ. ದಪ್ಪ ಕೊಕ್ಕಿನವೂ ಸತ್ತಿವೆ, ಆದರೆ ಎಡಗಡೆಯ ಸಣ್ಣ ಕೊಕ್ಕಿನವಕ್ಕೆ ಬಿದ್ದ ಪೆಟ್ಟು ಹೆಚ್ಚು.

"ಸರಾಸರಿ ಕೊಕ್ಕು ಸುಮಾರು ಅರ್ಧ ಮಿಲಿಮೀಟರ್ ದಪ್ಪವಾಯ್ತು" ಅಂತಷ್ಟೇ ಹೇಳಿದರೆ ಏನನ್ಸುತ್ತೆ? ಹಕ್ಕಿಗಳೆಲ್ಲ ಕಷ್ಟಪಟ್ಟು ಕೊಕ್ಕು ಬೆಳೆಸಿಕೊಂಡವು ಅಂತ ತಾನೇ? ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡ ಜಿರಾಫೆ ಥರ. ಒಂದೇ ಒಂದು ದೊಡ್ಡ ಹಕ್ಕಿಯ ಕೊಕ್ಕೂ ಹಾಗೆ ಬೆಳೆದಿರಲಿಲ್ಲ. ಸರಾಸರಿ ಸಾವನ್ನು ಮುಚ್ಚಿಡುತ್ತೆ, ಹಿಸ್ಟೋಗ್ರಾಮ್‌ನಲ್ಲಿ ಅದು ಖಾಲಿ ಜಾಗವಾಗಿ ಕಾಣುತ್ತೆ. ಪಾಠಪುಸ್ತಕಗಳು ನಿಸರ್ಗದ ಆಯ್ಕೆಯನ್ನು ಈ ಎರಡು ಚಿತ್ರದಿಂದಲೇ ಶುರು ಮಾಡಬಾರದಾ ಅನ್ನೋದು ನನ್ನ ತಕರಾರು.

ಆದರೂ ಇಲ್ಲಿಗೆ ವಿಕಾಸ ಅನ್ನೋ ಹಾಗಿಲ್ಲ. ಅದಕ್ಕೆ ಮೂರನೇ ಹಿಸ್ಟೋಗ್ರಾಮ್ ಬೇಕು, ಮರಿಗಳದ್ದು. ಕೊಕ್ಕಿನ ದಪ್ಪ ಅಪ್ಪ ಅಮ್ಮನಿಂದ ಬರದೇ ಇದ್ದಿದ್ರೆ ಮರಿಗಳ ಗುಡ್ಡ ಮತ್ತೆ ಹಳೇ ಜಾಗದಲ್ಲೇ ನಿಲ್ಲುತ್ತಿತ್ತು. ನಿಲ್ಲಲಿಲ್ಲ. ಬರದ ನಂತರ ಹುಟ್ಟಿದ ಮರಿಗಳ ಗುಡ್ಡ ಬಲಕ್ಕೆ ಸರಿದೇ ಇತ್ತು.

ಆಮೇಲೆ 1982-83ರ ಎಲ್ ನಿನೋ. ಆ ಒಣ ದ್ವೀಪದಲ್ಲಿ ಮಳೆಯೋ ಮಳೆ. ಬಳ್ಳಿಗಳು ಹಬ್ಬಿ ನೆಗ್ಗಿಲಿನ ನೆಂಟನನ್ನೇ ಮುಚ್ಚಿದವು, ಎಲ್ಲೆಲ್ಲೂ ಸಣ್ಣ ಬೀಜ. ಮುಂದಿನ ಒಣ ವರ್ಷಗಳಲ್ಲಿ ಹೆಚ್ಚು ಬದುಕಿದ್ದು ಸಣ್ಣ ಕೊಕ್ಕಿನವು. ಗುಡ್ಡ ಎಡಕ್ಕೆ ಸರಿಯಿತು.