ಹೆಸರಿನಲ್ಲೇ ಅಡಗಿದ ಚಿತ್ರ

ಲೋಯಿಸ್ ವೆಬರ್ ಹಾಗೂ ಫಿಲಿಪ್ಸ್ ಸ್ಮಾಲಿ 1913ರಲ್ಲಿ ನಿರ್ದೇಶಿಸಿದ ‘ಸಸ್ಪೆನ್ಸ್’ ಸುಮಾರು ಹತ್ತು ನಿಮಿಷದ ಮೂಕಿ ಚಿತ್ರ. ಒಂಟಿ ಮನೆಯಲ್ಲಿ ಕೈಗೂಸಿನೊಡನೆ ತಾಯಿ, ಒಳನುಗ್ಗುವ ದುರುಳ, ದೂರದ ಕಚೇರಿಯಲ್ಲಿ ಗಂಡ. ತೆರೆಯನ್ನು ತ್ರಿಕೋನಗಳಾಗಿ ವಿಭಾಗಿಸಿ ಮೂವರನ್ನೂ ಏಕಕಾಲಕ್ಕೆ ತೋರಿಸಿದ್ದು ಅಂದಿನ ಧೀರ ಪ್ರಯೋಗ. ತಾಯಿಯ ಪಾತ್ರ ಸ್ವತಃ ವೆಬರ್ ಅವರದು.

ಇದನ್ನು ನೋಡಬಯಸುವ ವಿದ್ಯಾರ್ಥಿಗೆ ಶೀರ್ಷಿಕೆಯೇ ತೊಡಕು. ಆ ಒಂದು ಪದಕ್ಕೆ ಅಸಂಖ್ಯ ಪತ್ತೇದಾರಿ ಚಿತ್ರಗಳು ಓಗೊಡುತ್ತವೆ. ಇಸವಿಯನ್ನೂ ವೆಬರ್ ಹೆಸರನ್ನೂ ಜೊತೆಗಿಟ್ಟು ಅರಸಿದರೆ ಅಂತರಜಾಲದಲ್ಲಿ ದೊರೆಯುತ್ತದೆ. ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಹಣ ತೆರಬೇಕಿಲ್ಲ. 2020ರಲ್ಲಿ ಆ ದೇಶದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಇದು ಸೇರಿತು.

ವೆಬರ್ ಅವರ ಬಹುಪಾಲು ಚಿತ್ರಗಳು ನಾಶವಾಗಿವೆ. ಉಳಿದುದನ್ನು ನೋಡದೆ ಬಿಡುವುದೂ ಒಂದು ಬಗೆಯ ನಾಶವೇ.