ಮೊಂತೆಕಸ್ಸಿನೊ ಮಠದ ಆಶ್ರಿತರು

ರೋಮ್‌ನಿಂದ ನೇಪಲ್ಸ್‌ಗೆ ಹೋಗುವ ಹಳೆಯ ರೈಲುಮಾರ್ಗದ ಕಸ್ಸಿನೊ ನಿಲ್ದಾಣದಲ್ಲಿ ಇಳಿದವರಿಗೆ ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಸಮುದ್ರಮಟ್ಟದಿಂದ ಸುಮಾರು 520 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿರುವ ಮೊಂತೆಕಸ್ಸಿನೊ ಮಠ. ಸಂತ ಬೆನೆಡಿಕ್ಟ್ ಕ್ರಿ.ಶ. 529ರ ಸುಮಾರಿಗೆ ಸ್ಥಾಪಿಸಿದನೆನ್ನಲಾಗುವ ಇಲ್ಲಿಯೇ, ಯುರೋಪಿನ ಸನ್ಯಾಸಿಗಳ ದಿನಚರಿಯನ್ನು ಶತಮಾನಗಳ ಕಾಲ ನಿರ್ದೇಶಿಸಿದ ‘ಬೆನೆಡಿಕ್ಟನ ನಿಯಮ’ ರೂಪುಗೊಂಡಿತೆಂಬುದು ಪರಂಪರೆಯ ನಂಬಿಕೆ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬಗೆದು ಬರಮಾಡಿಕೊಳ್ಳಬೇಕೆಂಬುದು ಅದರ ಕಟ್ಟಳೆಗಳಲ್ಲೊಂದು.

ಅಂಕುಡೊಂಕಾಗಿ ಮೇಲೇರುವ ರಸ್ತೆಯ ಪ್ರತಿ ತಿರುವಿನಲ್ಲೂ ಲಿರಿ ಕಣಿವೆ ಇನ್ನಷ್ಟು ತೆರೆದುಕೊಳ್ಳುತ್ತದೆ. ದಕ್ಷಿಣದಿಂದ ರೋಮ್‌ಗೆ ಸಾಗುವ ಹೆದ್ದಾರಿ ಈ ಕಣಿವೆಯಲ್ಲೇ ಹಾದುಹೋಗುವುದರಿಂದ, ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಇಟಲಿಗೆ ಅಡ್ಡಲಾಗಿ ಹೂಡಿದ ‘ಗುಸ್ತಾವ್ ರೇಖೆ’ ಎಂಬ ರಕ್ಷಣಾ ಸಾಲು ಇದೇ ಗುಡ್ಡಗಳನ್ನು ಆಸರೆ ಮಾಡಿಕೊಂಡಿತು. 1943ರ ಶರತ್ಕಾಲದಲ್ಲಿ ಶ್ಲೇಗೆಲ್ ಮತ್ತು ಬೆಕರ್ ಎಂಬ ಇಬ್ಬರು ಜರ್ಮನ್ ಅಧಿಕಾರಿಗಳು ಮಠಾಧಿಪತಿ ಗ್ರೆಗೋರಿಯೊ ದಿಯಾಮಾರೆ ಅವರ ಮನವೊಲಿಸಿ, ಹಸ್ತಪ್ರತಿಗಳನ್ನೂ ಚಿತ್ರಗಳನ್ನೂ ಲಾರಿಗಳಲ್ಲಿ ಹೊರಸಾಗಿಸಿದರು. ಸನ್ಯಾಸಿಗಳಲ್ಲಿ ಬಹುಪಾಲು ಮಂದಿಯೂ ಹೊರಟುಹೋದರು. ಗ್ರಂಥಗಳು ಉಳಿದ ಈ ಕಥೆಯನ್ನು ಮೊಂತೆಕಸ್ಸಿನೊ ಕುರಿತ ಬರಹಗಳು ವಿಸ್ತಾರವಾಗಿ ಹೇಳುತ್ತವೆ, ಹೇಳಬೇಕಾದದ್ದೇ. ಆದರೆ ಸುತ್ತಲ ಹಳ್ಳಿಗರಿಗೆ ಅಂಥ ಲಾರಿಗಳು ಬರಲಿಲ್ಲವೆಂಬುದನ್ನು ಅವುಗಳಲ್ಲಿ ಹುಡುಕಿ ಓದಬೇಕಾಗುತ್ತದೆ.

1944ರ ಫೆಬ್ರವರಿಯ ಆರಂಭದಲ್ಲಿ ಫಿರಂಗಿ ಗುಂಡುಗಳು ಮಠದ ಗೋಡೆಗೇ ಬಡಿಯತೊಡಗಿದಾಗ, ಗುಹೆ ಕೊಟ್ಟಿಗೆಗಳಲ್ಲಿ ಅಡಗಿದ್ದ ಜನ ಬಂದು ಹೆಬ್ಬಾಗಿಲು ಬಡಿದರು. ಒಳಗೆ ಉಳಿದಿದ್ದವರು ಎಂಬತ್ತರ ಅಂಚಿನ ಮಠಾಧಿಪತಿ ಮತ್ತು ಬೆರಳೆಣಿಕೆಯ ಸನ್ಯಾಸಿಗಳು. ಬಾಗಿಲು ತೆರೆಯಿತು, ನೂರಾರು ಮಂದಿ ನೆಲಮಾಳಿಗೆ, ಮೆಟ್ಟಿಲಸಾಲು, ಬಡಗಿಯ ಕೋಣೆ, ಮೊಲ ಸಾಕುವ ಕತ್ತಲೆಯ ಗೂಡುಗಳಲ್ಲೆಲ್ಲ ತುಂಬಿಕೊಂಡರು. ನೀರು ಸಾಲದು, ಹೊಲಸು ತೆಗೆಯುವವರಿಲ್ಲ, ರೋಗ ಹಬ್ಬಿತು. ಆ ದಿನಗಳ ದಿನಚರಿ ಬರೆಯುತ್ತಿದ್ದ ಎವುಸೆಬಿಯೊ ಗ್ರೊಸ್ಸೆತ್ತಿ ಎಂಬ ಸನ್ಯಾಸಿ ರೋಗಿಗಳ ಆರೈಕೆಯಲ್ಲಿದ್ದಾಗಲೇ ಕಾಯಿಲೆ ಬಿದ್ದು 13ರಂದು ತೀರಿಕೊಂಡರು; ಮಾರ್ತಿನೊ ಮಾತ್ರೊನೊಲಾ ಆ ದಿನಚರಿಯನ್ನು ಮುಂದುವರಿಸಿದರು.

ಮರುದಿನ ಮಿತ್ರಪಕ್ಷದ ವಿಮಾನಗಳು ಸ್ಥಳ ಬಿಡುವಂತೆ ಸಾರುವ ಕರಪತ್ರಗಳನ್ನು ಉದುರಿಸಿದವು. ನಡುವೆ ಕಾಳಗ ನಡೆಯುತ್ತಿದ್ದುದರಿಂದ ಸುಮ್ಮನೆ ಹೊರಬೀಳುವಂತಿರಲಿಲ್ಲ. 16ರ ನಸುಕಿನಲ್ಲಿ ಹೊರಡುವುದೆಂದು ಜರ್ಮನ್ನರೊಡನೆ ಮಾತಾಯಿತು. ಬಾಂಬರ್‌ಗಳು 15ರ ಬೆಳಗ್ಗೆಯೇ ಬಂದವು. ಮಡಿದ ನಾಗರಿಕರ ಸಂಖ್ಯೆಯನ್ನು ಸಾಮಾನ್ಯವಾಗಿ ಸುಮಾರು 230 ಎಂದು ಹೇಳಲಾಗುತ್ತದೆ. ಆಳದ ಕಮಾನುಕೋಣೆಯಲ್ಲಿದ್ದ ಸನ್ಯಾಸಿಗಳು ಬದುಕುಳಿದರು. 17ರಂದು ದಿಯಾಮಾರೆ ಮರದ ದೊಡ್ಡ ಶಿಲುಬೆಯನ್ನು ಮುಂದಿಟ್ಟುಕೊಂಡು, ಅಳಿದುಳಿದ ಆಶ್ರಿತರೊಡನೆ ಗುಡ್ಡ ಇಳಿದರು.

ಈ ದಾಳಿಯನ್ನು ಬೇಡಿದವರಲ್ಲಿ ಭಾರತದ 4ನೇ ಡಿವಿಷನ್ನಿನ ಬ್ರಿಟಿಷ್ ಸೇನಾಧಿಪತಿ ಫ್ರಾನ್ಸಿಸ್ ಟಕರ್ ಒಬ್ಬರು. ಗೋಡೆಗಳ ದಪ್ಪವೆಷ್ಟೆಂದು ಸೇನೆಯ ಬೇಹುಗಾರಿಕೆ ವಿಭಾಗ ಹೇಳಲಾರದೆ ಹೋದಾಗ, ನೇಪಲ್ಸ್‌ನ ಪುಸ್ತಕದಂಗಡಿಯಲ್ಲಿ ಸಿಕ್ಕ 1879ರ ಪುಸ್ತಕವೊಂದರಿಂದ ಅವರು ಅದನ್ನು ತಿಳಿದುಕೊಂಡರು. ದಾಳಿಯ ವೇಳೆಯನ್ನು ಮುಂಚೂಣಿಯ ಭಾರತೀಯ ಸೈನಿಕರಿಗೆ ತಿಳಿಸಿರಲಿಲ್ಲ, ಕೆಲವು ಬಾಂಬುಗಳು ಅವರ ಮೇಲೂ ಬಿದ್ದವು. ಎರಡು ದಿನಗಳ ಅನಂತರ ರಜಪುತಾನಾ ರೈಫಲ್ಸ್ ಮತ್ತು ಗೂರ್ಖಾ ದಳಗಳು ನಡೆಸಿದ ಆಕ್ರಮಣ ವಿಫಲವಾಯಿತು. ಬಾಂಬ್ ಬಿದ್ದ ಮೇಲೆಯೇ ಜರ್ಮನ್ ಪ್ಯಾರಾಟ್ರೂಪರ್‌ಗಳು ಅವಶೇಷಗಳೊಳಗೆ ನೆಲೆಯೂರಿ, ಮುರಿದ ಕಲ್ಲುಗಳನ್ನೇ ಮರೆಯಾಗಿಸಿಕೊಂಡಿದ್ದರು. ಮೇ 18ರಂದು ಪೋಲಿಷ್ ಸೈನಿಕರು ಪಾಳುಮಠವನ್ನು ವಶಪಡಿಸಿಕೊಂಡರು.

ಇಂದು ಪ್ರವಾಸಿಗರು ದಾಟಿಹೋಗುವ ಕಂಬಸಾಲಿನ ಅಂಗಳಗಳು ಹಳೆಯ ನಕ್ಷೆಯಂತೆಯೇ ಮತ್ತೆ ಕಟ್ಟಿದವು. ಪೋಪ್ ಆರನೇ ಪೌಲ್ 1964ರ ಅಕ್ಟೋಬರ್ 24ರಂದು ಚರ್ಚನ್ನು ಪುನಃ ಪ್ರತಿಷ್ಠಾಪಿಸಿದರು. ನಡು ಅಂಗಳದ ಮೆಟ್ಟಿಲ ಬುಡದಲ್ಲಿರುವ ಎರಡು ವಿಗ್ರಹಗಳ ಪೈಕಿ ಬೆನೆಡಿಕ್ಟನದು ದಾಳಿಯಲ್ಲಿ ಉಳಿದುಕೊಂಡದ್ದು, ಅವನ ತಂಗಿ ಸ್ಕೊಲಾಸ್ಟಿಕಾಳದು ಅನಂತರ ಮಾಡಿಸಿದ್ದು. ದಾಳಿಯ ವೇಳೆ ಮಠದೊಳಗೆ ಜರ್ಮನ್ ಸೈನಿಕರು ಇರಲಿಲ್ಲವೆಂದು ಸನ್ಯಾಸಿಗಳು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದರು. ಅಮೆರಿಕದ ಸೇನಾ ಇತಿಹಾಸ ವಿಭಾಗ ಅದನ್ನು ಒಪ್ಪಿಕೊಂಡದ್ದು 1969ರಲ್ಲಿ.